ಬೇಗಂ ಕೊಟ್ಟ ಚಿತ್ರದ ಪುಸ್ತಕ

ಕಾಶಿರಾಯನಿಗೆ ಎರಡೂವರೆ ವರ್ಷ ತುಂಬುವ ಹೊತ್ತಿಗೆ ಬ್ರಹ್ಮಪುರದ ಆ ಮನೆಯಲ್ಲಿ ನೆಲದ ಮೇಲೆ ಇಡುವಂಥ ಸಾಮಾನು ಒಂದೂ ಉಳಿದಿರಲಿಲ್ಲ. ಮಜ್ಜಿಗೆಯ ಗಡಿಗೆ ನೆಲುವಿಗೆ ಏರಿತ್ತು. ಬೀಸುವ ಕಲ್ಲಿನ ಗೂಟ ಅಜ್ಜಿಯ ಹಾಸಿಗೆಯಡಿಗೆ ಸೇರಿತ್ತು. ಎಣ್ಣೆಯ ಕುಡಿಕೆ, ಉಪ್ಪಿನ ಮರಿಗೆ, ದೇವರ ಮುಂದಿನ ವಿಭೂತಿ ಗಟ್ಟಿ, ಎಲ್ಲವೂ ಗೋಡೆಯ ಗೂಡುಗಳಲ್ಲಿ ಒತ್ತೊತ್ತಾಗಿ ಕೂತಿದ್ದವು. ಆದರೇನು, ಹುಡುಗ ಬಿಟ್ಟಾನೆಯೇ? ಜೋಳದ ಚೀಲದ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ತಾನು ನಿಂತು, ಒಂದು ದಿನ ಉಪ್ಪನ್ನೆಲ್ಲ ತಂದು ಬೆಲ್ಲದ ಪಾಕಕ್ಕೆ ಸುರಿದಿದ್ದ. ಇನ್ನೊಂದು ದಿನ ಬೆಕ್ಕಿಗೆ ವಿಭೂತಿ ಹಚ್ಚಿ ಅಜ್ಜಿಯ ಮುಂದೆ ತಂದು ನಿಲ್ಲಿಸಿದ್ದ.

ತಾಯಿ ಶಿವಕಾಂತಮ್ಮ ರೊಟ್ಟಿ ಬಡಿಯಲು ಕೂತರೆ ಹಿಟ್ಟಿನ ಮುದ್ದೆಗೆ ಅವನ ಕೈ ಮೊದಲು. "ನಾ! ನಾ ಮಾಡ್ತೀನಿ!" ಇದೊಂದು ಮಾತು ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಕಸ ಗುಡಿಸಿದರೆ "ನಾ", ನೀರು ಸೇದಿದರೆ "ನಾ", ಕೊನೆಗೆ ಅಜ್ಜಿ ಲಿಂಗಪೂಜೆಗೆ ಕೂತರೂ "ನಾ ಮಾಡ್ತೀನಿ".

ಅವನ ಮೈಮೇಲೆ ಕೈ ಹಾಕುವಂತಿರಲಿಲ್ಲ. ಅದಕ್ಕೆ ಕಾರಣ ಅವನ ಹೆಸರು. ಅವನು ಹುಟ್ಟುವ ಆರು ತಿಂಗಳ ಮೊದಲು ಅಜ್ಜಿ ಅಂಬಮ್ಮನ ಗಂಡ ತೀರಿಕೊಂಡಿದ್ದರು. ಅವರ ಹೆಸರನ್ನೇ ಕೂಸಿಗೆ ಇಟ್ಟಿದ್ದರು. ನಲವತ್ತು ವರ್ಷ ಸಂಸಾರ ಮಾಡಿಯೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿಂದ ಆಡದ ಅಂಬಮ್ಮ, ಮೊಮ್ಮಗನನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ. "ಮುತ್ಯಾ", ಅಂದರೆ ಅಜ್ಜ, ಎನ್ನುತ್ತಿದ್ದಳು. "ಬಾರೋ ಮುತ್ಯಾ, ಉಣ್ಣು ಬಾ" ಎಂದು ಆಕೆ ಕರೆದರೆ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಮನೆಯ ಯಜಮಾನ ಮಾಣಿಕಪ್ಪ ಸರ್ಕಾರಿ ಕಚೇರಿಯಲ್ಲಿ ಉರ್ದು ಬರೆಯುವ ಕಾರಕೂನ. ಓದಿದ್ದೆಲ್ಲ ಉರ್ದು, ಬರೆದಿದ್ದೆಲ್ಲ ಉರ್ದು, ಸಿಟ್ಟು ಬಂದಾಗ ಬೈಯುವುದು ಮಾತ್ರ ಕನ್ನಡದಲ್ಲಿ. ಒಂದು ಸಂಜೆ ಆತ ಕಚೇರಿಯ ಕಾಗದದ ಕಟ್ಟು ಮನೆಗೆ ತಂದು, ಶಾಯಿ ದೌತಿಯ ಪಕ್ಕ ಬಿಟ್ಟು ಕಾಲು ತೊಳೆಯಲು ಹೋದ. ತಿರುಗಿ ಬರುವಷ್ಟರಲ್ಲಿ ಶಾಯಿಯೆಲ್ಲ ಕಾಗದದ ಮೇಲಿತ್ತು. ಶಾಯಿಯ ಮೇಲೆ ಕಾಶಿರಾಯ ಕುಣಿಯುತ್ತಿದ್ದ. "ಅಪ್ಪಾ, ನಾ ಬರ್ದೀನಿ!" ಎಂದು ಪಾದದ ಗುರುತು ತೋರಿಸಿದ.

ಮಾಣಿಕಪ್ಪನ ಕೈ ಮೇಲೆದ್ದಿತು. ಅಂಬಮ್ಮ ಓಡಿ ಬಂದು ನಡುವೆ ನಿಂತಳು.

"ಹೊಡಿ! ಸತ್ತವರ ಹೆಸರಿಟ್ಟೀವಿ ಇವನಿಗೆ. ನಿಮ್ಮಪ್ಪನ ಕೆನ್ನಿಗೆ ಹೊಡಿ, ನಾ ನೋಡ್ತೀನಿ!"

"ನನ್ನ ನೌಕರಿ ಹೋದ್ರ ನಿನ್ನ ಮುತ್ಯಾ ತಂದು ಹಾಕ್ತಾನೇನು?"

"ಹೋಗ್ಲಿ ನೌಕರಿ. ಅವರ ಮ್ಯಾಲ ಮಾತ್ರ ಕೈ ಎತ್ತಬ್ಯಾಡ."

ಕೈ ಕೆಳಗೆ ಬಂತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವಂತೆ ತಾಯಿಯ ಮೇಲಿನ ಕೋಪವೆಲ್ಲ ಹೆಂಡತಿಯ ಮೇಲೆ ಬಂತು. "ಒಂದು ಕೂಸು ಸಂಭಾಳಿಸಾಕ ಬರಂಗಿಲ್ಲ ನಿನಗ!" ಎಂದು ಉಣ್ಣದೆ ಎದ್ದು ಹೋದ. ಮೂರು ದಿನ ಕೂತು ಆ ಕಾಗದಗಳನ್ನು ಮತ್ತೆ ಬರೆದ. ಕಚೇರಿಯಲ್ಲಿ ಮೇಲಧಿಕಾರಿ ಪೇಶಕಾರ ಸಾಹೇಬರು ಎಲ್ಲರೆದುರು ಆಡಿದ ಮಾತು ಅವನಿಗೆ ಬಹಳ ನಟ್ಟಿತ್ತು.

ನಾಲ್ಕನೆಯ ದಿನ ಒಂದು ಪುಸ್ತಕ ತಂದು ಹೆಂಡತಿಯ ಮುಂದೆ ಒಗೆದ. ತೆಳ್ಳಗಿನ ಪುಸ್ತಕ, ಕಂದು ರಟ್ಟು, ಒಳಗೆಲ್ಲ ಚಿತ್ರ, ಚಿತ್ರದ ಕೆಳಗೆ ಎರಡೆರಡು ಸಾಲು ಉರ್ದು.

"ಸಾಹೇಬರ ಬೇಗಂ ಕೊಟ್ಟಾರ. ಶಾಯಿ ಚೆಲ್ಲಿದ ಸುದ್ದಿ ಅವರ ತನಕ ಹೋಗ್ಯಾದ. ಹೊಡೀದೆ ಬಡೀದೆ ತುಂಟ ಹುಡುಗರನ್ನ ತಿದ್ದೋದು ಹ್ಯಾಂಗಂತ ಇದರಾಗ ಅದ."

"ಏನಂತ ಬರದಾರ್ರಿ?"

"ಚಿತ್ರ ಅವ ಅಲ್ಲ? ನೋಡಿದ್ರ ತಿಳೀತದ. ಮುಂಜಾನಿ ನಾ ಸಾಹೇಬರ ಕೂಡ ಊರೂರು ದೌರಾಕ್ಕ ಹೋಗಬೇಕು, ನಿನ್ನ ಮುಂದ ಕುಂತು ಓದ್ಲೇನು?" ಆತ ಬಟ್ಟೆಯ ಗಂಟು ಕಟ್ಟುತ್ತಲೇ ಹೇಳಿದ. "ಐದು ವಾರಕ್ಕ ಬರ್ತೀನಿ. ಅಷ್ಟರಾಗ ಇವ ತಿದ್ದಿರಬೇಕು. ಇಲ್ಲಂದ್ರ ನೀನೂ ನಿನ್ನ ಮಗನೂ ಕಮಲಾಪುರದಾಗ ನಿಮ್ಮಪ್ಪನ ಮನ್ಯಾಗ ಇದ್ದುಬಿಡ್ರಿ. ಕರಿಯಾಕ ಬರಂಗಿಲ್ಲ ನಾ."

ಸಿಟ್ಟಿನಲ್ಲಿ ಆಡಿದ ಮಾತನ್ನು ಆಡಿದಂತೆಯೇ ನಡೆಸುವ ಗಂಡಸು ಆತ.

ಮರುದಿನ ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಹುಡುಗ ಮಲಗಿದ ಮೇಲೆ ಅತ್ತೆ ಸೊಸೆ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂತರು.

"ನೀ ತೆಗಿಯವ್ವ. ನಾಕ ಅಕ್ಷರ ಕಲ್ತಾಕಿ ನೀ," ಎಂದಳು ಅಂಬಮ್ಮ.

ಅದು ನಿಜ. ಕಮಲಾಪುರದ ಮಠದ ಅಯ್ಯಗಳು ಶಿವಕಾಂತಮ್ಮನಿಗೆ ಒಂದೂವರೆ ವರ್ಷ ಮರಳಿನ ಮೇಲೆ ಅಕ್ಷರ ತೀಡಿಸಿದ್ದರು. ಅಲ್ಪ ವಿದ್ಯೆ ಮಹಾ ಗರ್ವಿ ಅನ್ನುತ್ತಾರೆ. ಶಿವಕಾಂತಮ್ಮ ಗರ್ವಿಷ್ಠೆಯಲ್ಲ, ಪಾಪ. ಆದರೆ ಈ ಓಣಿಯಲ್ಲಿ ಪುಸ್ತಕ ಹಿಡಿದ ಹೆಣ್ಣು ತಾನೊಬ್ಬಳೇ ಎಂಬುದು ಆಕೆಗೆ ಗೊತ್ತಿತ್ತು. ಪುಸ್ತಕವನ್ನು ಹಣೆಗೆ ಒತ್ತಿಕೊಂಡು, ಅಯ್ಯಗಳು ಕಲಿಸಿದ ಹಾಗೆ ತೊಡೆಯ ಮೇಲೆ ಇಟ್ಟು ತೆರೆದಳು. ಮೇಲಿನ ರಟ್ಟಿನ ಮೇಲೆ ಏನೂ ಇರಲಿಲ್ಲ. ಹೂಬಳ್ಳಿ, ದೊಡ್ಡ ಅಕ್ಷರ ಎಲ್ಲ ಹಿಂದಿನ ರಟ್ಟಿನ ಮೇಲಿದ್ದವು.

"ಹೂವ ಯಾಕ ಹಿಂದ ಬರದಾರ?"

"ಹೈದರಾಬಾದಿನ ಪದ್ಧತಿ ಇರಬೇಕ್ರಿ."

ಮೊದಲು ಕಂಡ ಚಿತ್ರದಲ್ಲಿ ಒಡೆದ ಗಡಿಗೆ ಬಿದ್ದಿತ್ತು. ತಾಯಿ, ಮಗ ಇಬ್ಬರೂ ಕೂಡಿ ಚೂರು ಗುಡಿಸುತ್ತಿದ್ದರು. ಮುಂದಿನದರಲ್ಲಿ ಹುಡುಗ ಚೊಂಬಿನ ನೀರು ಚೆಲ್ಲಾಡುತ್ತಿದ್ದ, ತಾಯಿ ನಗುತ್ತ ನೋಡುತ್ತಿದ್ದಳು. ಅದರ ಮುಂದಿನದರಲ್ಲಿ ಹುಡುಗ ತಾಯಿಯ ತೊಡೆಯ ಮೇಲಿದ್ದ. ಆಮೇಲಿನದರಲ್ಲಿ ತಾಯಿ ಒಂದು ಕತ್ತಲ ಕೋಣೆಯ ಬಾಗಿಲಲ್ಲಿ ಹುಡುಗನನ್ನು ಎತ್ತಿಕೊಂಡು ನಿಂತಿದ್ದಳು. ಆಕೆಯ ಕಣ್ಣಲ್ಲಿ ನೀರು. ಕೊನೆಯ ಚಿತ್ರದಲ್ಲಿ ಬಾಗಿಲಿಗೆ ಚಿಲಕ. ಒಳಗೆ ಹುಡುಗ ಮೊಣಕಾಲು ತಬ್ಬಿ ಸುಮ್ಮನೆ ಕೂತಿದ್ದ. ಹೊರಗೆ ತಾಯಿ ಬೀಸುವ ಕಲ್ಲಿನ ಮುಂದೆ ಕೂತು ನಿಶ್ಚಿಂತೆಯಾಗಿ ಜೋಳ ಬೀಸುತ್ತಿದ್ದಳು. ಸುತ್ತಲೂ ಗಡಿಗೆ, ಕುಡಿಕೆ ಎಲ್ಲ ಇಟ್ಟಲ್ಲಿ ಇದ್ದವು.

"ನೋಡು ನೋಡು!" ಅಂಬಮ್ಮನ ಮುಖ ಅರಳಿತು. "ಮನಿ ಹ್ಯಾಂಗ ತಣ್ಣಗದ! ಹೊಡೀಲಿಲ್ಲ, ಬಡೀಲಿಲ್ಲ."

"ಆದ್ರ ಇಲ್ಲಿ ಅಳಾಕತ್ತಾಳಲ್ರಿ ಆಕಿ?" ಶಿವಕಾಂತಮ್ಮ ಬಾಗಿಲಿನ ಚಿತ್ರಕ್ಕೆ ಬೆರಳಿಟ್ಟಳು.

"ಅಳದೇ ಇರ್ತಾಳೇನು? ಹೆತ್ತ ಕರುಳು. ಕಣ್ಣೀರು ಬಂದ್ರೂ ಒಳಗ ಹಾಕಬೇಕಂತ ಹೇಳ್ಯಾರ. ಮೊದಲ ಆಡಸು, ತೊಡಿ ಮ್ಯಾಲ ಕುಂಡ್ರಿಸಿ ರಮಸು, ಆಮ್ಯಾಲ ಒಳಗ ಹಾಕು. ಎಷ್ಟು ಛಂದ ಹೇಳ್ಯಾರ. ದೊಡ್ಡವರು ದೊಡ್ಡವರೇ ಬಿಡು."

ಶಿವಕಾಂತಮ್ಮ ಆ ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಸರಿ ಎನ್ನಿಸಲಿಲ್ಲ. ಆದರೆ ಬೇಗಂ ಸಾಹೇಬರು ಕೊಟ್ಟ ಪುಸ್ತಕ, ಹೈದರಾಬಾದಿನಲ್ಲಿ ಛಾಪಾ ಆದದ್ದು, ತಾನು ಎಷ್ಟರವಳು? ಮೇಲಾಗಿ ಐದು ವಾರ.

ಅಂದೇ ಸಂಜೆ ಕಾಶಿರಾಯ ಅಂಬಲಿಯ ಗಡಿಗೆ ಉರುಳಿಸಿ ಒಡೆದ. ಶಿವಕಾಂತಮ್ಮ ಬೈಯಲಿಲ್ಲ. ಅವನ ಕೈಗೂ ಒಂದು ಮೋಟು ಕಸಬರಿಗೆ ಕೊಟ್ಟು ಚೂರು ಗುಡಿಸಿದಳು. ಚೊಂಬಿನಲ್ಲಿ ನೀರು ಕೊಟ್ಟಳು. ಅವನು ಕೇಕೆ ಹಾಕಿ ಚೆಲ್ಲಾಡಿದ. ತೊಡೆಯ ಮೇಲೆ ಕೂಡಿಸಿ ಮುದ್ದಾಡಿದಳು. ಅವನು ಕುತ್ತಿಗೆಗೆ ಜೋತುಬಿದ್ದು ನಕ್ಕ. ಆಮೇಲೆ ಎತ್ತಿಕೊಂಡು ಹೋಗಿ ಜೋಳದ ಕೋಣೆಯೊಳಗೆ ಇಳಿಸಿ ಹೊರಗಿನಿಂದ ಚಿಲಕ ಹಾಕಿದಳು. ಶಹಾಬಾದ ಕಲ್ಲಿನ ಗೋಡೆಯ ಕೋಣೆ ಅದು. ಒಂದು ಮುಷ್ಟಿಯಷ್ಟು ಬೆಳಕಿಂಡಿ ಬಿಟ್ಟರೆ ಉಳಿದದ್ದೆಲ್ಲ ಕತ್ತಲು.

ಒಂದು ಗಳಿಗೆ ಸದ್ದಿಲ್ಲ. ಹುಡುಗ ಇದೂ ಆಟವೇ ಎಂದುಕೊಂಡಿದ್ದ. ಆಮೇಲೆ ಬಾಗಿಲು ಬಡಿಯತೊಡಗಿದ.

"ಅವ್ವಾ! ಅವ್ವಾ! ನಾ ತೆಗಿತೀನಿ! ಅವ್ವಾ!"

ಚಿತ್ರದಲ್ಲಿ ತಾಯಿ ಬೀಸುತ್ತಿದ್ದಳಲ್ಲ, ಅದಕ್ಕೆ ಇವರೂ ಬೀಸಿದರು. ಒಂದು ಸೇರು ಜೋಳ ಬೀಸುವ ತನಕ ಎಂದು ಅಂಬಮ್ಮ ಲೆಕ್ಕ ಕಟ್ಟಿದಳು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಗೂಟ ಹಿಡಿದು, ಕೂಗು ಕೇಳಿಸದಿರಲೆಂದು ಗರಗರ ತಿರುಗಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೀಸಿ ಮುಗಿದಾಗ ಶಿವಕಾಂತಮ್ಮನ ಸೆರಗು ಒದ್ದೆಯಾಗಿತ್ತು.

ಚಿಲಕ ತೆಗೆದರೆ ಹುಡುಗ ಬಿಕ್ಕುತ್ತ ಬಂದು ಕಾಲಿಗೆ ತೆಕ್ಕೆ ಬಿದ್ದ. ಆ ರಾತ್ರಿ ಒಂದು ಚೇಷ್ಟೆಯೂ ಇಲ್ಲ. "ಪುಸ್ತಕ ಖರೆ ಅದ ನೋಡು," ಎಂದಳು ಅಂಬಮ್ಮ.

ಮೊದಲ ವಾರ ದಿನಕ್ಕೆ ಒಂದು ಸೇರು. ಎರಡನೆಯ ವಾರ ಎರಡು ಸೇರು, ಏಕೆಂದರೆ ಹುಡುಗ ಗಟ್ಟಿ. ಹೊರಗೆ ಬಂದ ಮರುಗಳಿಗೆಯೇ ಬೇಳೆಯ ಮೊರಕ್ಕೆ ಕೈ ಹಾಕಿದ್ದ. ಒಮ್ಮೆ ಶಿವಕಾಂತಮ್ಮ ಅರ್ಧಕ್ಕೇ ಎದ್ದಳು.

"ಸಾಕ್ರೀ ಅತ್ತಿ, ದನಿ ಬಿದ್ದು ಹೋಗ್ಯಾದ ಅವನದು."

"ಕುಂಡ್ರು. ನನಗ ಸಂಕಟ ಆಗಂಗಿಲ್ಲಂತ ತಿಳದೇನು? ಅವರ ಹೆಸರಿನ ಕೂಸು ಅದು." ಅಂಬಮ್ಮ ಗೂಟವನ್ನು ಸೊಸೆಯ ಕಡೆ ತಿರುಗಿಸಿದಳು. "ನಿನ್ನ ಗಂಡ ಬಂದು ನಿನ್ನ ಕಮಲಾಪುರಕ್ಕ ಅಟ್ಟಿದ್ರ ಈ ಮನ್ಯಾಗ ನಾ ಯಾರ ಮುಖ ನೋಡ್ಲಿ? ಬೀಸು."

ಶಿವಕಾಂತಮ್ಮ ಕೂತು ಬೀಸಿದಳು.

ಮೂರನೆಯ ವಾರ ಬಾಗಿಲು ಬಡಿಯುವುದು ನಿಂತಿತು. ನಾಲ್ಕನೆಯ ವಾರ ಅಳುವುದೂ ನಿಂತಿತು. ಚಿಲಕ ತೆಗೆದರೆ ಕಾಶಿರಾಯ ಚಿತ್ರದಲ್ಲಿದ್ದ ಹಾಗೆಯೇ ಮೊಣಕಾಲು ತಬ್ಬಿ ಕೂತಿರುತ್ತಿದ್ದ. ಕರೆದರೆ ಬರುತ್ತಿದ್ದ. ಕೂಡಿಸಿದಲ್ಲಿ ಕೂಡುತ್ತಿದ್ದ. ನೆರೆಮನೆಯ ತುಳಜಾಬಾಯಿ ಹಿಟ್ಟು ಕಡ ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಇವ ನಿಮ್ಮ ಕಾಶ್ಯಾನೇ ಏನ್ರೀ? ಎವ್ವಾ, ಎಷ್ಟು ಶ್ಯಾಣ್ಯಾ ಆಗ್ಯಾನ! ಏನ್ ಮಾಡಿದ್ರಿ? ನಮ್ಮನ್ಯಾಗೂ ಒಂದು ಮಾರಿ ಅದ."

"ಬೇಗಂ ಸಾಹೇಬರ ಪುಸ್ತಕ," ಎಂದಳು ಶಿವಕಾಂತಮ್ಮ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ?

ಗೂಡಿನಲ್ಲಿದ್ದ ಸಾಮಾನುಗಳೆಲ್ಲ ಒಂದೊಂದಾಗಿ ನೆಲಕ್ಕೆ ಇಳಿದವು. ಮಜ್ಜಿಗೆಯ ಗಡಿಗೆ ಮೊದಲಿನ ಮೂಲೆಗೆ ಬಂತು. ಅಂಬಮ್ಮ ವರ್ಷದ ಮೇಲೆ ನಿಶ್ಚಿಂತೆಯಾಗಿ ಕೂತು ಪುಂಡಿಪಲ್ಯ, ರೊಟ್ಟಿ ಉಂಡಳು. ಆದರೆ ಶಿವಕಾಂತಮ್ಮ ರೊಟ್ಟಿ ಬಡಿಯುವಾಗ ಹಿಟ್ಟಿಗೆ ಯಾರ ಕೈಯೂ ಬರುತ್ತಿರಲಿಲ್ಲ. ಆಕೆ ಬೇಕೆಂದೇ ಒಂದು ಸಣ್ಣ ಮುದ್ದೆ ಮಗನ ಕಡೆ ಸರಿಸಿದಳು. ಅವನು ಅದನ್ನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ. ಉಣ್ಣಿಸಿದರೆ ಉಣ್ಣುತ್ತಿದ್ದ, ಹಸಿವು ಎನ್ನುತ್ತಿರಲಿಲ್ಲ. ಕೂತಲ್ಲೇ ಉಚ್ಚೆ ಹೊಯ್ದುಕೊಂಡರೂ ಏಳುತ್ತಿರಲಿಲ್ಲ. "ನಾ" ಎಂಬ ಮಾತು ಕೇಳಿ ಎಷ್ಟು ದಿನವಾಯಿತು ಎಂದು ಎಣಿಸಲು ಹೋಗಿ ಆಕೆಗೆ ನೆನಪಾಗಲಿಲ್ಲ. ಇನ್ನೊಂದು ಸಂಗತಿಯನ್ನು ಆಕೆ ಅತ್ತೆಗೂ ಹೇಳಲಿಲ್ಲ: ಈಗ ತೊಡೆಯ ಮೇಲೆ ಕೂಡಿಸಿಕೊಂಡರೆ ಹುಡುಗನ ಮೈ ಮರಗಟ್ಟುತ್ತಿತ್ತು.

ಕಮಲಾಪುರದಿಂದ ಅಪ್ಪ ಜಗದೇವಪ್ಪ ಕೆಂಪು ಬಾಳೆಹಣ್ಣಿನ ಚಿಪ್ಪು ಕಳಿಸಿದ್ದ. ಗಂಡ ಬರಲು ಇನ್ನು ಎರಡು ದಿನ. ಹಣ್ಣು ಕೊಟ್ಟು, ಪುಸ್ತಕ ಮರಳಿಸಿ, ತಿದ್ದಿದ ಮಗನನ್ನು ತೋರಿಸಿ ಬರೋಣವೆಂದು ಶಿವಕಾಂತಮ್ಮ ಪೇಶಕಾರ ಸಾಹೇಬರ ಮನೆಗೆ ಹೋದಳು. ಬೇಗಂ, ಅಂದರೆ ಇಕ್ಬಾಲ್ ಬೇಗಂ, ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಜನಾನದ ಪರದೆ ಸರಿಸಿ "ಬಾರವ್ವಾ, ಬಾ" ಎಂದು ಒಳಗೆ ಕರೆದು ಚಾಪೆ ಹಾಸಿದಳು. ತಟ್ಟೆಯಲ್ಲಿ ಮಿಠಾಯಿ ಇಟ್ಟಳು. ಕಾಶಿರಾಯ ಮಿಠಾಯಿಯನ್ನೂ ನೋಡಲಿಲ್ಲ, ಪಂಜರದಲ್ಲಿ ಕೂಗುತ್ತಿದ್ದ ಗಿಳಿಯನ್ನೂ ನೋಡಲಿಲ್ಲ.

"ಇವನೇನು ಶಾಯಿ ಚೆಲ್ಲಿದ ಪೈಲ್ವಾನ?" ಬೇಗಂ ನಕ್ಕಳು. ಆಮೇಲೆ ಹುಡುಗನ ಗಲ್ಲ ಹಿಡಿದು ನೋಡಿದಳು, ನಗು ನಿಂತಿತು. "ಬಚ್ಚಾ ಬಿಮಾರ ಅದಾನೇನು?"

"ಇಲ್ರಿ, ಶ್ಯಾಣ್ಯಾ ಆಗ್ಯಾನ. ನಿಮ್ಮ ಪುಸ್ತಕದಾಗ ಹ್ಯಾಂಗದನೋ ಹಾಂಗ ಮಾಡೀನ್ರಿ. ಒಂದೂ ಬಿಟ್ಟಿಲ್ಲ."

"ಏನ್ ಮಾಡಿದಿ? ತೋರಸು."

ಶಿವಕಾಂತಮ್ಮ ಪುಸ್ತಕ ತೊಡೆಯ ಮೇಲಿಟ್ಟು ತೆರೆದಳು. ಒಂದೊಂದೇ ಚಿತ್ರಕ್ಕೆ ಬೆರಳಿಟ್ಟಳು. "ಕೂಡಿ ಗುಡಿಸಿದೆ. ನೀರು ಕೊಟ್ಟೆ. ತೊಡಿ ಮ್ಯಾಲ ಕುಂಡ್ರಿಸಿದೆ. ಕಣ್ಣಾಗ ನೀರು ಬಂತು, ಆದ್ರೂ ಎತ್ತಿಕೊಂಡು ಹೋದೆ. ಚಿಲಕ ಹಾಕಿದೆ. ಬೀಸಿದ್ವಿ. ದಿನಾ ಒಂದು ಸೇರು, ಆಮ್ಯಾಲ ಎರಡು."

ಇಕ್ಬಾಲ್ ಬೇಗಂ ಮಿಠಾಯಿಯ ತಟ್ಟೆ ಪಕ್ಕಕ್ಕೆ ಸರಿಸಿದಳು. "ಯಾ ಅಲ್ಲಾ," ಎಂದಳು. ಪುಸ್ತಕವನ್ನು ಆಕೆಯ ತೊಡೆಯಿಂದ ತೆಗೆದುಕೊಂಡು ಮಗುಚಿದಳು. ಹೂಬಳ್ಳಿಯ ರಟ್ಟು ಮೇಲೆ ಬಂತು. ಅದನ್ನು ಬಲಗಡೆಯಿಂದ ತೆರೆದಳು. ಮೊದಲ ಚಿತ್ರ ಚಿಲಕದ್ದು.

"ನಮ್ಮ ಕಿತಾಬ್ ಈ ಕಡಿಂದ ಶುರು ಆಗ್ತದ, ಶಿವಕಾಂತಮ್ಮಾ. ಕೇಳು ಏನ್ ಬರದಾರಂತ. 'ಈ ತಾಯಿ ತಿಳಿಗೇಡಿ. ಕೂಸನ್ನ ಕತ್ತಲದಾಗ ಕೂಡಿ ಹಾಕಿ ತನ್ನ ಕೆಲಸ ನೋಡ್ಕೊಂಡಳು. ಹಿಂಗ ಮಾಡಬ್ಯಾಡ್ರಿ.' ಆಮ್ಯಾಲ ಇದು, 'ತನ್ನ ತಪ್ಪು ತಿಳಿದು ಅತ್ತು, ಬಾಗಿಲ ತೆಗದು ಹೊರಗ ತಂದಳು.' ತೊಡಿ ಮ್ಯಾಲ ತಗೊಂಡಳು. ಆಡಾಕ ನೀರು ಕೊಟ್ಟಳು. ಗಡಿಗಿ ಒಡದ್ರೂ ಬೈಲಿಲ್ಲ, ಕೂಡಿ ಗುಡಿಸಿದಳು. ಇದು ಆಖರಿ."

ಗಿಳಿ ಕೂಗುತ್ತಲೇ ಇತ್ತು. ಬೇಗಂ ಶಿವಕಾಂತಮ್ಮನ ಕೈ ಹಿಡಿಯಲು ಬಂದಳು. ಆಕೆ ಮಗನನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಬಿದ್ದಳು.

ಮನೆಯಲ್ಲಿ ಅಂಬಮ್ಮ ಬೇಳೆ ಕೇರುತ್ತಿದ್ದಳು. ಸೊಸೆ ನಿಂತುಕೊಂಡೇ ಹೇಳಿದಳು. ಮೊರ ಕೈಜಾರಿ ಬಿತ್ತು.

"ನಿನ್ನ ವಿದ್ಯಾಕ್ಕ ಬೆಂಕಿ ಹತ್ತಲಿ! ಪುಸ್ತಕ ತೆಗಿಯಾಕ ಬರಂಗಿಲ್ಲಂದ್ರ ಬರಂಗಿಲ್ಲ ಅನಬೇಕಿಲ್ಲೇನು?"

"ಒಳಗ ಹಾಕು ಅಂದಾಕಿ ಯಾರ್ರಿ? ಆಕಿ ಅಳಾಕತ್ತಾಳ ಅಂತ ನಾ ಹೇಳಲಿಲ್ಲೇನು? ಸಾಕು ಅಂತ ಎದ್ದಾಗ ಬೀಸು ಅಂದಾಕಿ ಯಾರು?"

"ನಾನಽ. ನಾನಽ ಅಂದೆ." ಅಂಬಮ್ಮ ಎದೆ ಬಡಿದುಕೊಂಡಳು. ಆಮೇಲೆ ತೆವಳುತ್ತ ಹೋಗಿ ಮೊಮ್ಮಗನ ಮುಂದೆ ಕೂತಳು. "ಮುತ್ಯಾ. ಏ ಮುತ್ಯಾ. ನೋಡಪ್ಪಾ ಇತ್ತ ಕಡೆ. ಬೇಳಿ ಚೆಲ್ಲು ಬಾ. ಎಲ್ಲಾ ಚೆಲ್ಲು."

ಹುಡುಗ ನೆಲ ನೋಡುತ್ತಿದ್ದ.

ಆಗ ಅಂಬಮ್ಮ ತನ್ನ ಜನ್ಮದಲ್ಲಿ ಮೊದಲ ಸಲ ಆ ಹೆಸರು ಹಿಡಿದು ಕೂಗಿದಳು. "ಕಾಶಿರಾಯಾ! ಏ ಕಾಶಿರಾಯಾ!" ಸೊಸೆ ಬೆಚ್ಚಿ ನೋಡಿದಳು. ಹುಡುಗ ತಲೆ ಎತ್ತಲಿಲ್ಲ. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಒರಗಿದಳು. ಆ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಹೇಳಿದ ದಿನಕ್ಕೆ ಮಾಣಿಕಪ್ಪ ಬಂದ. ಗೋಡೆಗೆ ಒರಗಿ ಕೂತ ಮಗನನ್ನೂ, ನೆಲಕ್ಕಿಳಿದ ಗಡಿಗೆಗಳನ್ನೂ ಕಂಡು "ಶಾಬಾಸ್!" ಎಂದ. ದಾರಿಯಲ್ಲಿ ಕೊಂಡಿದ್ದ ಕಟ್ಟಿಗೆಯ ಕುದುರೆಯನ್ನು ಮಗನ ಮುಂದಿಟ್ಟ. ಕುದುರೆ ಇಟ್ಟಲ್ಲೇ ನಿಂತಿತ್ತು. ಉಂಡು ಕೈ ತೊಳೆದ ಮೇಲೂ ಅದು ಅಲ್ಲೇ ಇದ್ದದ್ದು ನೋಡಿ, "ಏನಾಗ್ಯಾದ ಇವನಿಗೆ?" ಎಂದ.

ಶಿವಕಾಂತಮ್ಮ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಉರ್ದು ಪುಸ್ತಕ ಬಲಗಡಿಂದ ತೆಗೀತಾರಂತ ಊರಿಗೆಲ್ಲ ಗೊತ್ತದ. ನಿನಗ ಗೊತ್ತಿಲ್ಲೇನು?"

"ನಿಮಗ ಗೊತ್ತಿತ್ತಲ್ರಿ." ಆಕೆಯ ದನಿ ಏರಲಿಲ್ಲ. "ನೀವು ಬಲಗಡಿಂದ ತೆಗದಿದ್ರೇನು? ಎಡಗಡಿಂದಾರ ತೆಗದಿದ್ರೇನು? ಒಂದು ಸಲಾನಾರ ತೆಗದಿದ್ರೇನು?"

ದಿನವೆಲ್ಲ ಉರ್ದು ಓದುವ ಗಂಡಸು ಆ ಎರಡೆರಡು ಸಾಲು ಓದಿರಲಿಲ್ಲ.

ಮಾಣಿಕಪ್ಪ ಎದ್ದು ಹೋಗಿ ಶಾಯಿಯ ದೌತಿ, ಬಿಳಿ ಕಾಗದದ ಕಟ್ಟು ತಂದು ಮಗನ ಮುಂದೆ ಹರಡಿದ. "ಚೆಲ್ಲೋ. ಚೆಲ್ಲಪ್ಪಾ ನನ್ನ ರಾಜಾ. ಕುಣಿ ಇದರ ಮ್ಯಾಲ." ಕೊನೆಗೆ ತಾನೇ ದೌತಿ ಉರುಳಿಸಿದ. ಶಾಯಿ ಹರಿದು ಬಂತು. ಕಾಶಿರಾಯ ಅದು ತಾಗದಂತೆ ಕಾಲು ಹಿಂದಕ್ಕೆ ಎಳೆದುಕೊಂಡು ಮೊಣಕಾಲು ತಬ್ಬಿದ. ಮಾಣಿಕಪ್ಪ ಶಾಯಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಅತ್ತೆ ಸೊಸೆ ಇಬ್ಬರೂ ಅವನನ್ನು ಸಮಾಧಾನ ಮಾಡಲಿಲ್ಲ.

ಮುಂದೆ ಮಾಡದ ಹರಕೆ ಇಲ್ಲ. ಊರ ದೇವರಾದ ಅಪ್ಪನ ಗುಡಿಯಲ್ಲಿ ಉರುಳುಸೇವೆ ಆಯಿತು, ಬಂದೇನವಾಜರ ದರ್ಗಾದಲ್ಲಿ ತಾಯಿತ ಕಟ್ಟಿಸಿದ್ದಾಯಿತು. ವೈದ್ಯ ನಾಲಗೆ ನೋಡಿ "ನಾಲಿಗ್ಯಾಗ ದೋಷ ಇಲ್ಲ" ಎಂದ. ಜೋಳದ ಕೋಣೆಯ ಬಾಗಿಲನ್ನೇ ಮಾಣಿಕಪ್ಪ ಕಿತ್ತು ಹಿತ್ತಲಿಗೆ ಒಗೆದ. ಶಿವಕಾಂತಮ್ಮ ದೇವರಲ್ಲಿ ಬೇಡಿದ್ದು ಒಂದೇ: ಒಂದು ಮಾತು. ಬೈಗುಳವಾದರೂ ಸರಿ, ಒಂದೇ ಒಂದು ಮಾತು ಅವನ ಬಾಯಿಂದ ಬರಲಿ.

"ಸ್ವಲ್ಪ ದಿನ ಕಮಲಾಪುರಕ್ಕ ಕರ್ಕೊಂಡು ಹೋಗ್ತೀ ಏನು?" ಎಂದು ಒಂದು ಮುಂಜಾನೆ ಮಾಣಿಕಪ್ಪನೇ ಕೇಳಿದ. ಯಾವ ಊರಿನ ಹೆಸರು ಹೇಳಿ ಹೆದರಿಸಿದ್ದನೋ ಆ ಊರಿಗೆ ತಾನೇ ಬಂಡಿ ಗೊತ್ತುಮಾಡಿದ. ಬಂಡಿ ಓಣಿ ದಾಟುವ ತನಕ ಅಂಬಮ್ಮ ಬಾಗಿಲಲ್ಲಿ ನಿಂತಿದ್ದಳು. "ಮುತ್ಯಾ" ಎಂದು ಕರೆಯುವ ಧೈರ್ಯ ಆಕೆಗೆ ಆಗಲಿಲ್ಲ.

ಕಮಲಾಪುರದ ಮನೆ ಸಣ್ಣದು. ಕೆಂಪು ಮಣ್ಣಿನ ನೆಲ, ಹಿಂದೆ ಬಾಳೆಯ ತೋಟ, ನೀರಿನ ಕಾಲುವೆ. ಬಾಗಿಲಿಗೆ ಹಗ್ಗದ ಕುಣಿಕೆ ಮಾತ್ರ. ಶಿವಕಾಂತಮ್ಮ ಮೊದಲು ನೋಡಿದ್ದು ಅದನ್ನೇ.

"ಹುಡುಗರು ಮರೀತಾವವ್ವಾ," ಎಂದ ಜಗದೇವಪ್ಪ. "ಮಳಿ ಬಿದ್ದ ಮ್ಯಾಲ ಕೆಸರಿನಾಗಿನ ಹೆಜ್ಜಿ ಉಳೀತದೇನು? ತಡ ಮಾಡ್ತಾವ, ಮರೀತಾವ."

ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ತೋಟದ ತುಂಬ ತಿರುಗಿದ. ಬಾಳೆಯ ಗೊನೆ ತೋರಿಸಿದ, ಕರುವಿನ ಕಿವಿ ಮುಟ್ಟಿಸಿದ. ಒಂದು ವಾರ ಏನೂ ಇಲ್ಲ. ಎರಡನೆಯ ವಾರ ಕರು ಓಡಿದ ಕಡೆ ಹುಡುಗನ ಕಣ್ಣು ಹೋಯಿತು. ಅದನ್ನು ಕಂಡು ಶಿವಕಾಂತಮ್ಮ ಒಲೆಯ ಮುಂದೆ ಕೂತು ಅತ್ತಳು. ಅಪ್ಪನಿಗೆ ಸಿಹಿ ಮಾದಲಿ ಮಾಡಿ ಬಡಿಸಿದಳು. ಮೂರನೆಯ ವಾರ ಕಾಲುವೆಯ ದಂಡೆಯಲ್ಲಿ ಕೂತು ಕಾಶಿರಾಯ ಒಂದು ಬೆರಳನ್ನು ನೀರಿಗೆ ಇಟ್ಟ.

ಮರುದಿನ ಮಧ್ಯಾಹ್ನ ಆಕೆ ನೀರು ತರುವಾಗ ಕಾಲು ಜಾರಿ ಕೊಡ ಒಡೆಯಿತು. ಶಿವಕಾಂತಮ್ಮ ಹೆದರಿ ಮಗನ ಕಡೆ ನೋಡಿದಳು. ಆದರೆ ಹುಡುಗ ಹೆದರಲಿಲ್ಲ. ಎದ್ದು ಬಂದ. ತಾನಾಗಿ ಮೂಲೆಯ ಕಸಬರಿಗೆ ತಂದು ತಾಯಿಯ ಜೊತೆ ಚೂರು ದೂಡತೊಡಗಿದ.

"ಅಪ್ಪಾ, ನೋಡು ಬಾ! ನೋಡು ಬಾ ಇಲ್ಲಿ!" ಆಕೆ ನಗುತ್ತಿದ್ದಳು, ಅಳುತ್ತಿದ್ದಳು. ಜಗದೇವಪ್ಪ ಬಾಳೆಯ ಎಲೆ ಕೈಯಲ್ಲಿ ಹಿಡಿದೇ ಓಡಿ ಬಂದ. ಏನು ಕೊಡಲಿ ಇವನಿಗೆ, ಏನು ಕೊಡಲಿ ಎಂದು ಆಕೆ ಚೊಂಬಿನ ತುಂಬ ನೀರು ತಂದು ಕೊಟ್ಟಳು. ಕಾಶಿರಾಯ ಕೈ ಅದ್ದಿದ. ಒಮ್ಮೆ ಚೆಲ್ಲಿದ. ಮತ್ತೊಮ್ಮೆ ಚೆಲ್ಲಿದ.

ಶಿವಕಾಂತಮ್ಮನಿಗೆ ತಡೆಯಲಾಗಲಿಲ್ಲ. ಮಗನನ್ನು ಬಾಚಿ ತಬ್ಬಿ ತೊಡೆಯ ಮೇಲೆ ಕೂಡಿಸಿಕೊಂಡಳು. "ನನ್ನ ಬಂಗಾರಾ, ನನ್ನ ರಾಜಾ, ಮಾತಾಡಪ್ಪಾ. ಒಂದು ಮಾತು ಅನ್ನು. ನಿನ್ನ ಅವ್ವಗ ಒಂದು ಮಾತು ಅನ್ನು."

ಹುಡುಗನ ಮೈ ತೊಡೆಯ ಮೇಲೆ ಮರಗಟ್ಟಿತು. ಅವನು ಒದ್ದೆಯ ಕೈಗಳನ್ನು ಮಡಿಚಿಕೊಂಡ. ಗುಡಿಸಿದ್ದಾಯಿತು, ನೀರಾಡಿದ್ದಾಯಿತು, ತೊಡೆಯ ಮೇಲೆ ಕೂತದ್ದಾಯಿತು. ಮುಂದೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೆಲ್ಲನೆ ತೊಡೆಯಿಂದ ಇಳಿದು, ಬಾಗಿಲ ಹಿಂದಿನ ಮೂಲೆಗೆ ಹೋಗಿ, ಮೊಣಕಾಲು ತಬ್ಬಿ ಕೂತ. ಏನೋ ಸದ್ದು ಆಗಲೆಂದು ಕಾಯುವವನ ಹಾಗೆ ಬಾಗಿಲ ಕಡೆ ನೋಡಿದ. ಸದ್ದು ಆಗಲಿಲ್ಲ. ಆಗ ತಾಯಿಯ ಮುಖ ನೋಡಿ ಬಾಯಿ ತೆರೆದ.

"ಚಿಲಕಾ ಹಾಕವ್ವಾ."